ಹುಮನಾಬಾದ್ ರೋಡಲ್ಲಿ ಸ್ಪೋರ್ಟ್ಸ್ ಕಾರು ಹೀಟ್ ಆಗ್ತಿದೆ, ಪಿಕಪ್ಪೂ ಇಲ್ಲ. ಹೆಡ್ ಇಳಿಸಲೇಬೇಕಾ?

ಕಲಬುರಗಿ ಟರ್ಬೊ:
ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. 2 ಲೀಟರ್ ಟರ್ಬೊ ಪೆಟ್ರೋಲ್, ಎಂಜಿನ್ ಮುಂದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಏನೂ ತೊಂದರೆ ಇಲ್ಲ. ಫ್ಯಾನ್ ತಿರುಗುವುದು ಕೇಳಿಸುತ್ತದೆ, ಎಂಜಿನ್ ಬಿಸಿ ತೋರಿಸುವ ಮುಳ್ಳು ನಡುವೆಯೇ ಇರುತ್ತದೆ. ಆದರೆ ಹುಮನಾಬಾದ್ ಕಡೆ ಎಸಿ ಹಾಕಿಕೊಂಡು 100ರ ಮೇಲೆ ಅರ್ಧ ಗಂಟೆ ಓಡಿಸಿದರೆ ಮುಳ್ಳು ಮೇಲೆ ಹೋಗುತ್ತದೆ. ಆಮೇಲೆ ಎಸಿಯಿಂದ ಬಿಸಿ ಗಾಳಿ ಬರುತ್ತದೆ. 60ಕ್ಕೆ ಇಳಿಸಿದರೆ ತಾನೇ ಸರಿಹೋಗುತ್ತದೆ. ಇದರ ಜೊತೆಗೆ 3000 ಆರ್‌ಪಿಎಂ ದಾಟಿದ ಮೇಲೆ ಮೊದಲಿನ ಎಳೆತ ಇಲ್ಲ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ನೋಡಿದ ಕೂಡಲೇ 'ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು' ಅಂದರು. ಹೆಡ್ ಅಂದರೆ ಎಂಜಿನ್ನಿನ ಮೇಲ್ಭಾಗ, ಅದರ ಕೆಳಗಿನ ಸೀಲ್ ಈ ಗ್ಯಾಸ್ಕೆಟ್. ಆಸೆಪಟ್ಟು ತಗೊಂಡ ಗಾಡಿ. ಸುಮ್ನೆ ಬಿಚ್ಚಿಸೋಕೆ ಮನಸ್ಸು ಬರುತ್ತಿಲ್ಲ. ತಿಳಿದವರು ದಾರಿ ತೋರಿಸಿ.

ಸೇಡಂ ರೋಡ್:
ನಮ್ಮ ಕಡೆ ಬಿಸಿಲಿಗೆ ಥರ್ಮೋಸ್ಟ್ಯಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ತೆಗೆದೇ ಬಿಡ್ತಾರೆ ಸರ್. ಸಸ್ತಾದಲ್ಲಿ ಕೆಲಸ ಮುಗಿಯುತ್ತೆ.

ಕಪನೂರ ಕಾಕಾ:
ತಮ್ಮಾ, ಹೆಡ್ ಮುಟ್ಟಬೇಡ. ಥರ್ಮೋಸ್ಟ್ಯಾಟನ್ನೂ ತೆಗೆಸಬೇಡ.

ಗಾಡಿ ಹೀಟ್ ಆಗುತ್ತದೆ ಅಂದರೆ ನಾನು ಮೊದಲು ಕೇಳುವುದು, ಯಾವಾಗ ಅಂತ. ನಿಂತಾಗ ಹೀಟ್ ಆಗಿ, ಓಡುವಾಗ ತಣ್ಣಗಾದರೆ ಫ್ಯಾನ್, ಫ್ಯೂಸ್, ರಿಲೇ ನೋಡಬೇಕು. ನಿನ್ನದು ಉಲ್ಟಾ. 100ರ ವೇಗದಲ್ಲಿ ಎದುರು ಗಾಳಿಯೇ ಸಾಕು, ಫ್ಯಾನ್ ಬೇಕಾಗಿಲ್ಲ. ಅಲ್ಲಿ ಹೀಟ್ ಆಗುತ್ತಿದೆ ಅಂದರೆ ಎಂಜಿನ್ ಕೊಡುವ ಬಿಸಿಯನ್ನು ಹೊರಹಾಕಲು ರೇಡಿಯೇಟರಿಗೆ ಆಗುತ್ತಿಲ್ಲ. ಒಳಗೆ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಹೊರಗೆ ಗಾಳಿ ದಾಟುತ್ತಿಲ್ಲ.

ಎಸಿ ಬಿಸಿಯಾಗುವುದೂ ಇದರದೇ ಭಾಗ. ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ವಿಪರೀತ ಕಾದರೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರೇ ಎಸಿ ಕಂಪ್ರೆಸರ್ ಬಂದ್ ಮಾಡುತ್ತದೆ. ಪಿಕಪ್ಪೂ ಅಲ್ಲಿಗೇ ಸೇರಿರಬಹುದು. ಟರ್ಬೊದಿಂದ ಎಂಜಿನ್ ಒಳಗೆ ಹೋಗುವ ಗಾಳಿ ಬಿಸಿಯಾದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ತಪ್ಪಿಸಲು ಕಂಪ್ಯೂಟರ್ ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಶಕ್ತಿ ಇಳಿಯುತ್ತದೆ. ಆ ಗಾಳಿ ತಂಪು ಮಾಡುವ ಇಂಟರ್‌ಕೂಲರ್, ಎಸಿ ಕಂಡೆನ್ಸರ್, ರೇಡಿಯೇಟರ್ ಮೂರೂ ಸಾಮಾನ್ಯವಾಗಿ ಒಂದೇ ಬಂಪರಿನ ಹಿಂದೆ ಇರುತ್ತವೆ. ಅದಕ್ಕೇ ನನಗೆ ಮುಂಭಾಗದ ಮೇಲೆ ಅನುಮಾನ.

ನಮ್ಮ ಊರಲ್ಲಿ ಇದಕ್ಕೆ ಎರಡು ಕಾರಣ ಜಾಸ್ತಿ. ಒಂದು, ತೊಗರಿ ರಾಶಿ ಸಮಯದ ಹೊಟ್ಟು, ಧೂಳು. ಸ್ಪೋರ್ಟ್ಸ್ ಕಾರಿನ ಮೂತಿ ನೆಲಕ್ಕೆ ಹತ್ತಿರ, ಎಲ್ಲಾ ಬಾಚಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛ ಕಾಣುತ್ತದೆ, ಕಸ ಇರುವುದು ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ. ಎರಡು, ಬೋರ್ ನೀರು. ನಮ್ಮ ಜಿಲ್ಲೆಯ ಎಷ್ಟೋ ಕಡೆ ನೆಲದ ಕೆಳಗೆ ಶಹಾಬಾದ್ ಫರ್ಸಿಯ ಸುಣ್ಣದ ಕಲ್ಲು. ಆ ನೀರು ಗಡಸು. ಕೂಲಂಟಿಗೆ ಸೇರಿಸಿದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಹಿಂದಿನ ಮಾಲೀಕರು ಏನು ಹಾಕಿದ್ದರೋ ಕೇಳು.

ಪರೀಕ್ಷೆ ಹೀಗೆ ಮಾಡು. ಮುಳ್ಳನ್ನು ನಂಬಬೇಡ. ಈಗಿನ ಎಷ್ಟೋ ಕಾರುಗಳಲ್ಲಿ ನಿಜವಾದ ಬಿಸಿ ಏರಿಳಿದರೂ ಮುಳ್ಳು ನಡುವೆಯೇ ನಿಂತಿರುತ್ತದೆ. ಅದು ಮೇಲೆದ್ದಾಗ ಬಿಸಿ ಆಗಲೇ ಮಿತಿ ದಾಟಿರುತ್ತದೆ. ಕಾರಿನ ಕಂಪ್ಯೂಟರಿನ ಅಂಕಿ ಓದುವ ಬ್ಲೂಟೂತ್ ಒಬಿಡಿ ರೀಡರ್ ಹಾಕಿ ಫೋನಿನಲ್ಲಿ ಕೂಲಂಟ್ ಡಿಗ್ರಿ, ಒಳಗೆ ಹೋಗುವ ಗಾಳಿಯ ಡಿಗ್ರಿ ನೋಡು. ಕೂಲಂಟ್ 90ರಿಂದ 105 ಇದ್ದರೆ ಚಿಂತೆ ಬೇಡ. 115 ದಾಟಿದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ, ನಿಧಾನ ಮಾಡಿ ಪಕ್ಕಕ್ಕೆ ನಿಲ್ಲಿಸು. ಬಿಸಿ ಇರುವಾಗ ಕೂಲಂಟ್ ಟ್ಯಾಂಕ್ ಮುಚ್ಚಳ ಮುಟ್ಟಲೇಬೇಡ. ಒಳಗಿನ ಒತ್ತಡ ಬಿಟ್ಟರೆ ಕೂಲಂಟ್ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಇನ್ನು ಗ್ಯಾಸ್ಕೆಟ್. ಅದು ಹೋಗಿದ್ದರೆ ಗುರುತು ಸಿಗುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಸ್ವಲ್ಪದರಲ್ಲೇ ರೇಡಿಯೇಟರಿನ ಮೇಲಿನ ಪೈಪು ಕಲ್ಲಿನಂತೆ ಬಿಗಿಯಾಗುತ್ತದೆ. ಟ್ಯಾಂಕಿನಲ್ಲಿ ಗುಳ್ಳೆ ಬರುತ್ತಲೇ ಇರುತ್ತವೆ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಕೂಲಂಟ್ ಕಡಿಮೆಯಾಗುವುದು, ಇವೂ ಇರಬಹುದು. ಖಚಿತ ಮಾಡಿಕೊಳ್ಳಲು ಬ್ಲಾಕ್ ಟೆಸ್ಟ್ ಅಂತ ಇದೆ. ಟ್ಯಾಂಕ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರ್ ಹೊಗೆ ಸೇರಿದ್ದರೆ ಅದು ಹಳದಿಯಾಗುತ್ತದೆ. ಹೆಡ್ ಇಳಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಈ ಟೆಸ್ಟ್ ಮಾಡದೆ ಯಾರೂ ಹೆಡ್ ಬಿಚ್ಚಬಾರದು, ಇದು ನನ್ನ ಗಟ್ಟಿ ಮಾತು.

ಸೇಡಂ ರೋಡ್ ಅವರೇ, ಥರ್ಮೋಸ್ಟ್ಯಾಟ್ ತೆಗೆದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸುಡದ ಪೆಟ್ರೋಲ್ ಸೇರಿ ಆಯಿಲ್ ತೆಳುವಾಗುತ್ತದೆ, ಎಂಜಿನ್ ಬೇಕಾದಷ್ಟು ಕಾಯುತ್ತಿಲ್ಲ ಅನ್ನುವ ಪಿ0128 ಕೋಡ್ ಬರಬಹುದು. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ. ಅದನ್ನು ತೆಗೆದರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ, ಹೀಟ್ ಇನ್ನೂ ಜಾಸ್ತಿ ಆಗುತ್ತದೆ.

ಸೇಡಂ ರೋಡ್:
ಬೈಪಾಸ್ ವಿಷಯ ಗೊತ್ತಿರಲಿಲ್ಲ ಕಾಕಾ. ನಮ್ಮ ಹುಡುಗರಿಗೂ ಹೇಳ್ತೀನಿ.

ಕಲಬುರಗಿ ಟರ್ಬೊ:
ಕಾಕಾ, ಬ್ಲಾಕ್ ಟೆಸ್ಟ್ ಮಾಡಿಸಿದೆ. ದ್ರವ ನೀಲಿಯಾಗಿಯೇ ಉಳಿಯಿತು. ಹೈವೇಯಲ್ಲಿ ಕೂಲಂಟ್ 117ಕ್ಕೆ ಹೋಯಿತು, ಕೂಡಲೇ ನಿಲ್ಲಿಸಿದೆ. ಹಿಂದಿನ ಮಾಲೀಕರಿಗೆ ಫೋನ್ ಮಾಡಿದೆ, ಬೋರ್ ನೀರೇ ಹಾಕುತ್ತಿದ್ದರಂತೆ. ಟ್ಯಾಂಕಿನ ಗೋಡೆಗೆ ಬಿಳಿ ಪುಡಿ ಅಂಟಿದೆ. ಮುಂದೇನು?

ಕಪನೂರ ಕಾಕಾ:
ಒಳ್ಳೆ ಸುದ್ದಿ. ಎಂಜಿನ್ ಉಳಿಯಿತು.

ಈಗ ಬಂಪರ್ ಬಿಚ್ಚಿಸು. ಕಂಡೆನ್ಸರ್ ಬೋಲ್ಟ್ ಸಡಿಲಿಸಿ ಸ್ವಲ್ಪ ಮುಂದೆ ಸರಿಸಿದರೆ ಸಂದಿ ಕಾಣುತ್ತದೆ. ಎಸಿ ಪೈಪು ಬಿಚ್ಚಬೇಡಿ, ಗ್ಯಾಸ್ ಹೋಗುತ್ತದೆ. ಎಂಜಿನ್ ಕಡೆಯಿಂದ ಹೊರಗಡೆಗೆ ಸಾದಾ ನಲ್ಲಿ ಪೈಪಿನಿಂದ ನೀರು ಬಿಡಿ. ಪ್ರೆಶರ್ ವಾಶ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಆಮೇಲೆ ಎಂಜಿನ್ ಪೂರ್ತಿ ಬಿಸಿ ಮಾಡಿ, ಲೇಸರ್ ಥರ್ಮಾಮೀಟರಿನಿಂದ ರೇಡಿಯೇಟರ್ ಉದ್ದಕ್ಕೂ ಅಳೆಯಿರಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ನಿಧಾನವಾಗಿ ಇಳಿದರೆ ಅದು ಸರಿ. ನಡುವೆ ಅಲ್ಲಲ್ಲಿ ತಣ್ಣನೆ ಜಾಗ ಸಿಕ್ಕರೆ ಅಲ್ಲಿ ಕೊಳವೆ ಕಟ್ಟಿದೆ. ಕೆಳಗಿನ ಪೈಪನ್ನೂ ನೋಡು. ಒಬ್ಬರು 3000 ಆರ್‌ಪಿಎಂಗೆ ಏರಿಸಲಿ. ಪೈಪು ಚಪ್ಪಟೆಯಾದರೆ ಅದೇ ನೀರನ್ನು ತಡೆಯುತ್ತಿದೆ.

ಅಲ್ಯೂಮಿನಿಯಂ ರೇಡಿಯೇಟರಿಗೆ ಆಸಿಡ್ ಹಾಕಿ ತೊಳೆಯಲು ಒಪ್ಪಬೇಡ. ಸುಣ್ಣದ ಜೊತೆ ಅಲ್ಯೂಮಿನಿಯಮ್ಮೂ ಕರಗುತ್ತದೆ. ಕಟ್ಟಿದ್ದರೆ ಹೊಸದು ಹಾಕಿಸು.

ಕಲಬುರಗಿ ಟರ್ಬೊ:
ಸಂದಿಯಲ್ಲಿ ಹೊಟ್ಟು, ಧೂಳು ಕಂಬಳಿ ಹಾಗೆ ಗಟ್ಟಿಯಾಗಿ ಕೂತಿತ್ತು. ತೊಳೆದ ಮೇಲೆ ಅಳೆದರೂ ರೇಡಿಯೇಟರಿನಲ್ಲಿ ಎರಡು ಕಡೆ ತಣ್ಣನೆ ಪಟ್ಟಿ ಇದೆ. ಕೆಳಗಿನ ಪೈಪು ಸರಿಯಿದೆ. ಹೊಸ ರೇಡಿಯೇಟರಿಗೆ ಆರ್ಡರ್ ಕೊಟ್ಟೆ. ಹಾಕುವಾಗ ಏನು ಗಮನಿಸಬೇಕು?

ಕಪನೂರ ಕಾಕಾ:
ಹೊಸದು ಕೂರಿಸುವ ಮೊದಲು ಎಂಜಿನ್ ಒಳಗನ್ನು, ಹೊರಬರುವ ನೀರು ತಿಳಿಯಾಗುವ ತನಕ ಡಿಸ್ಟಿಲ್ಡ್ ವಾಟರಿನಿಂದ ತೊಳೆಯಿರಿ. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಥರ್ಮೋಸ್ಟ್ಯಾಟ್ ಹೇಗೂ ಹಳೆಯದು, ಇದರ ಜೊತೆಗೇ ಬದಲಾಯಿಸು. ಕೂಲಂಟ್ ಬಣ್ಣ ನೋಡಿ ತಗೋಬೇಡ, ಮ್ಯಾನ್ಯುಯಲ್‌ನಲ್ಲಿ ಬರೆದ ಜಾತಿಯದೇ ತಗೋ. ನೀರು ಬೆರೆಸದ ಗಟ್ಟಿ ಕೂಲಂಟ್ ಆದರೆ ಅರ್ಧಕ್ಕೆ ಅರ್ಧ ಡಿಸ್ಟಿಲ್ಡ್ ವಾಟರ್. ರೆಡಿ ಮಿಕ್ಸ್ ಆದರೆ ನೀರು ಬೇಡ.

ತುಂಬುವಾಗ ಮೂತಿ ಎತ್ತರಕ್ಕಿರಲಿ, ಹೀಟರ್ ಪೂರ್ತಿ ಬಿಸಿಗೆ ಇಡಿ. ಗಾಳಿ ಸಿಕ್ಕಿಕೊಂಡರೆ ಹೊಸ ರೇಡಿಯೇಟರ್ ಹಾಕಿದರೂ ಹೀಟ್ ಆಗುತ್ತದೆ.

ಬೀದರ್ ಕೋಟೆ:
ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ ಕಾಕಾ. ನನ್ನ ಗಾಡಿಯಲ್ಲಿ ಬ್ರೇಕ್ ಹಿಡಿದರೆ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ ಅಂತಾರೆ.

ಕಪನೂರ ಕಾಕಾ:
ಬೆಂಡ್ ಆಗುವುದು ಅಪರೂಪ ರೀ. ಬಹಳ ಸಲ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ, ಇಲ್ಲವೇ ಡಿಸ್ಕ್ ಕೂರುವ ಹಬ್ ಮೇಲೆ ತುಕ್ಕು, ಮಣ್ಣು ಕೂತು ಡಿಸ್ಕ್ ನೇರ ಕೂತಿರುವುದಿಲ್ಲ. ಹಬ್ ತಿಕ್ಕಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನೋಡಿಸಿ. ಚಕ್ರದ ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಸಲಿ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಾಯಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ತನಕ ಕುದಿಯುವುದಿಲ್ಲ. ತೇವ ಕುಡಿದ ಮೇಲೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ವೇಗದ ಗಾಡಿಗೆ ಇದು ಜೀವದ ಪ್ರಶ್ನೆ.

ಕಲಬುರಗಿ ಟರ್ಬೊ:
ರೇಡಿಯೇಟರ್, ಥರ್ಮೋಸ್ಟ್ಯಾಟ್ ಎರಡೂ ಹೊಸದು. ಮಧ್ಯಾಹ್ನದ ಬಿಸಿಲಲ್ಲೇ ಎಸಿ ಹಾಕಿ ಹುಮನಾಬಾದ್ ತನಕ ಹೋಗಿಬಂದೆ. 98 ದಾಟಲಿಲ್ಲ, ಎಸಿ ತಣ್ಣಗೇ ಇತ್ತು. ಆದರೆ ಎಳೆತ ಪೂರ್ತಿ ಬಂದಿಲ್ಲ. ಪಿ0299 ಕೋಡ್ ತೋರಿಸುತ್ತಿದೆ.

ಕಪನೂರ ಕಾಕಾ:
ಪಿ0299 ಅಂದರೆ ಬೇಕಾದಷ್ಟು ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಸಿಗುತ್ತಿಲ್ಲ. ಟರ್ಬೊ ಬದಲಿಸಿ ಅಂದರೆ ಕೇಳಬೇಡ. ಮೊದಲು ಇಂಟರ್‌ಕೂಲರ್ ಪೈಪಿನ ಜೋಡಣೆಗಳನ್ನು ನೋಡು. ಎಲ್ಲಿ ಆಯಿಲ್ ಕಲೆ ಒದ್ದೆಯಾಗಿದೆಯೋ ಅಲ್ಲಿ ಗಾಳಿ ಸೋರುತ್ತಿರಬಹುದು. ಪೈಪಿನೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸು. ಇಲ್ಲವೇ ಟರ್ಬೊ ಬಾಯಿಗೆ ಬಿರಡೆ ಹಾಕಿ 8ರಿಂದ 10 ಪಿಎಸ್‌ಐ ಗಾಳಿ ಬಿಟ್ಟು ಸೋಪು ನೀರು ಹಚ್ಚಿ. ಅದಕ್ಕಿಂತ ಜಾಸ್ತಿ ಬೇಡ, ಸೀಲ್ ಹಾಳಾಗಬಹುದು.

ಕಲಬುರಗಿ ಟರ್ಬೊ:
ಸಿಕ್ಕಿತು ಕಾಕಾ! ಇಂಟರ್‌ಕೂಲರ್ ಹೊರಬಾಯಿಯ ಕ್ಲಾಂಪ್ ಸಡಿಲ, ಪೈಪಿನ ತುದಿಯೂ ಸೀಳಿತ್ತು. ಪೈಪು, ಕ್ಲಾಂಪ್ ಎರಡೂ ಬದಲಾಯಿಸಿದೆ. ಕೋಡ್ ಅಳಿಸಿ ಓಡಿಸಿದೆ, ಮತ್ತೆ ಬಂದಿಲ್ಲ. 3000 ದಾಟಿದರೆ ಸೀಟಿಗೆ ಒತ್ತುತ್ತದೆ. ಇನ್ನು ಮೇಲೆ 95 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್ ಹಾಕಲಾ?

ಕಪನೂರ ಕಾಕಾ:
ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಒಳಗಡೆ ಬರೆದಿರುತ್ತದೆ ನೋಡು. 95 ಅಂತ ಇದ್ದರೆ ಹಾಕಲೇಬೇಕು ತಮ್ಮಾ, ನಮ್ಮ ಮೇ ತಿಂಗಳ ಬಿಸಿಲಿಗಂತೂ ತಪ್ಪಿಸಬೇಡ.