ಪದ ಬೇಕಿದೆ, ತುರ್ತು: ಮಾನಿಟರ್‌ನ ‘ಪವರ್ ಸಪ್ಲೈ’ಗೆ ಏನನ್ನೋಣ?

ಮಾನಿಟರ್ ರಿಪೇರಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನಾನು ಬರೆದದ್ದು ಇದು:

“ಪವರ್ ದೀಪ ಮಿಟುಕುತ್ತಿದ್ದರೆ, ಚಿತ್ರ ಎರಡು ಸೆಕೆಂಡು ಬಂದು ಮಾಯವಾದರೆ ವಿದ್ಯುತ್ ಪೂರೈಕೆಯಲ್ಲಿ ದೋಷವಿರಬಹುದು. ಪ್ಲಗ್ ತೆಗೆದ ಮೇಲೂ ಧಾರಕದಲ್ಲಿ ಆವೇಶ ಉಳಿದಿರುತ್ತದೆ. ಅದನ್ನು ವಿಸರ್ಜಿಸದೆ ಮುಟ್ಟಬೇಡಿ.”

ಮನೆಯಲ್ಲಿ ಓದಿಸಿದೆ. ‘ಪೂರೈಕೆಯಲ್ಲಿ ದೋಷ’ ಅಂದರೆ ಕರೆಂಟ್ ಹೋಗಿದೆ ಅಂತ ಅಲ್ವಾ ಎಂದರು. ಕೊನೆಯ ಸಾಲಿಗೆ ನಕ್ಕರು. ಬೇರೆ ಪದ ಇದ್ದರೆ ಇವತ್ತೇ ತಿಳಿಸಿ.

—

ನಕ್ಕದ್ದು ಸರಿಯೇ. ‘ಪೂರೈಕೆ’ ಇಲ್ಲಿ ನಿಲ್ಲುವುದಿಲ್ಲ. ‘ಕೆ’ ಹತ್ತಿದರೆ ಅದು ಕೆಲಸದ ಹೆಸರು, ವಸ್ತುವಿನದಲ್ಲ. ನಿಮಗೆ ಬೇಕಿರುವುದು ವಸ್ತು. ‘ಪೂರಕ’ ಅನ್ನೋಣ ಎಂದರೆ ಅದು ಆಗಲೇ ಬೇರೆ ಅರ್ಥಕ್ಕೆ ಹೋಗಿಬಿಟ್ಟಿದೆ. ‘ವಿದ್ಯುತ್ ಪೂರೈಕೆ ಘಟಕ’ ಎಂದು ಬರೆಯಿರಿ, ಮುಗಿಯಿತು.

—

ಘಟಕವಂತೆ! ಮೂರು ಪದ, ಮೂರೂ ಎರವಲು. ಮೇಲಾಗಿ ‘ಕೆ’ ಬಗ್ಗೆ ಹೇಳಿದ್ದು ಸುಮ್ನೆ ಮಾತು. ‘ಹೊದಿಕೆ’ ಅನ್ನುವುದು ಹೊದೆಯುವ ಕೆಲಸವೋ, ಹೊದೆಯುವ ಬಟ್ಟೆಯೋ?

ನಮ್ಮಲ್ಲಿ ‘ಊಡು’ ಇದೆ. ಉಣ್ಣು, ಊಟ, ಊಡು ಎಲ್ಲಕ್ಕೂ ಒಂದೇ ಬೇರು. ಉಣ್ಣುವುದು ತಾನು, ಊಡುವುದು ಇನ್ನೊಬ್ಬರಿಗೆ. ಈ ಪವರ್ ಸಪ್ಲೈ ಬೋರ್ಡ್ ಮಾಡುವುದೂ ಅದನ್ನೇ ಅಲ್ವಾ? ಗೋಡೆಯಿಂದ ಬಂದ ಕರೆಂಟನ್ನು ಹದ ಮಾಡಿ ಉಳಿದ ಭಾಗಗಳಿಗೆ ಉಣಿಸುತ್ತದೆ. ‘ಮಿಂಚೂಡಿಕೆ’ ಅನ್ನಿ. ಚೆನ್ನಾಗಿಯೂ ಇದೆ.

—

ನಾನು ರಿಪೇರಿ ಮಾಡುವವನು. ಪದ ಆಮೇಲೆ, ಮೊದಲು ವಿಷಯ ಸರಿ ಮಾಡಿ.

ಚಿತ್ರ ಎರಡು ಸೆಕೆಂಡಿಗೆ ಮಾಯವಾದರೆ ತೆರೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಬೇಕು. ಮಸುಕಾಗಿ ಚಿತ್ರ ಕಂಡರೆ ಆರಿರುವುದು ತೆರೆಯ ಹಿಂಬದಿಯ ಬೆಳಕು, ಬ್ಯಾಕ್‌ಲೈಟ್. ಪವರ್ ಸಪ್ಲೈ ಪೂರ್ತಿ ಕೆಟ್ಟಿದ್ದರೆ ದೀಪವೇ ಹತ್ತುವುದಿಲ್ಲ. ಅರೆಬರೆ ಕೆಟ್ಟಿದ್ದರೆ ದೀಪ ಮಿಟುಕುತ್ತದೆ, ಕೆಲವೊಮ್ಮೆ ಒಳಗಿಂದ ಟಿಕ್ ಟಿಕ್ ಸದ್ದೂ ಬರುತ್ತದೆ. ಮೊದಲು ಫ್ಯೂಸ್ ನೋಡಿ, ಆಮೇಲೆ ಕೆಪಾಸಿಟರ್‌ಗಳ (ನೀವು ‘ಧಾರಕ’ ಅಂದದ್ದು, ಚಾರ್ಜ್ ಹಿಡಿದಿಡುವ ಭಾಗ) ತಲೆ. ಚಪ್ಪಟೆ ಇರಬೇಕಾದ ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ರಸ ಸೋರಿದ್ದರೆ ಅದೇ ಕಳ್ಳ. ಬದಲಿಗೆ ಹಾಕುವುದಕ್ಕೆ ಅಷ್ಟೇ ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯುವ ಅಳತೆ) ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ. ‘ಉಬ್ಬು’, ‘ಸೋರು’ ನಾವು ದಿನಾ ಆಡುವ ಮಾತು. ಯಾರೂ ಕೂತು ಕಟ್ಟಿದ್ದಲ್ಲ.

230 ವೋಲ್ಟ್ ಎಸಿ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ಕೈ ಹಾಕುವವನಿಗೆ ‘ಆವೇಶ’, ‘ವಿಸರ್ಜನೆ’ ಅಂತ ನಗಿಸಬೇಡಿ. ‘ಚಾರ್ಜ್ ಇಳಿಸಿ’ ಅನ್ನಿ. ಮಲ್ಟಿಮೀಟರ್ ಇಟ್ಟು ಸೊನ್ನೆಗೆ ಬಂದಿದೆಯಾ ನೋಡಿ ಅಂತಲೂ ಸೇರಿಸಿ.

ಮಿಂಚೂಡಿಕೆ ಕೊಡಿ ಎಂದರೆ ಯಾವ ಅಂಗಡಿಯವನೂ ಏನೂ ಕೊಡುವುದಿಲ್ಲ.

—

ಅಂಗಡಿಯವನು ಕೊಡುವುದಿಲ್ಲ ಅನ್ನುವುದು ವಾದವೇ ಅಲ್ಲ. ಬಳಸಿದರೆ ತಾನೇ ಪದ ಬಳಕೆಗೆ ಬರುವುದು? ಹೀಗೇ ಎರವಲು ತರುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು ‘ಆಗಿದೆ’, ‘ಮಾಡಿ’, ‘ಬೇಡಿ’ ಇಷ್ಟೇ.

—

‘ವಾದ’ ಯಾವ ಬೇರಿನದು ಸ್ವಾಮಿ? ಕುರ್ಚಿ, ಮೇಜು, ರಸ್ತೆ ಎಲ್ಲವೂ ಹೊರಗಿನಿಂದ ಬಂದವೇ. ಅವನ್ನೂ ವಾಪಸು ಕಳಿಸಿ, ನೆಲದ ಮೇಲೆ ಕೂತು ಮಿಂಚೂಡಿಕೆ ಬಿಚ್ಚೋಣ. ‘ಹೊದಿಕೆ’ ವಿಷಯ ಮಾತ್ರ ಒಪ್ಪಿದೆ.

—

ಎಲ್ಲರಿಗೂ ನನ್ನಿ. ಅಚ್ಚಿಗೆ ಕಳಿಸಿದೆ. “ಪವರ್ ಸಪ್ಲೈ ಬೋರ್ಡ್ ಕೆಟ್ಟಿರಬಹುದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ. ಅದನ್ನು ಇಳಿಸದೆ ಮುಟ್ಟಬೇಡಿ.” ಟಾರ್ಚ್, ಮಲ್ಟಿಮೀಟರ್ ಸಾಲುಗಳೂ ಸೇರಿವೆ.

—

ಇಷ್ಟಕ್ಕೆ ಕೇಳಿದ್ದಾದರೂ ಯಾಕೆ?