ಫೈಬರ್ ಹರಿದರೆ ಅಲಾರಂ ಸುದ್ದಿ ಯಾವ ದಾರಿಯಲ್ಲಿ ಹೋಗಬೇಕು? ಸಿಮ್ ಒಂದೇ ಸಾಕಾ?

ಸೇಡಂ ರಸ್ತೆ ಮನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಅಮ್ಮ ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ಇದ್ದಾರೆ, ನಾನು ಹೈದರಾಬಾದಿನಲ್ಲಿ. ಬೇಸಿಗೆಗೆ ಇಬ್ಬರೂ ನನ್ನ ಹತ್ತಿರ ಬರುತ್ತಾರೆ, ಮಳೆ ಹಿಡಿಯುವ ತನಕ ಆ ಮನೆಗೆ ಬೀಗ. ಅದಕ್ಕೇ ಅಲಾರಂ ಹಾಕಿಸಿದ್ದೇವೆ. ಬಾಗಿಲು ಕಿಟಕಿಗೆ ಸೆನ್ಸರ್, ಹಾಲ್‌ನಲ್ಲಿ ಓಡಾಟ ಹಿಡಿಯುವ ಸೆನ್ಸರ್ ಒಂದು, ಹೊರಗೆ ಸೈರನ್. ತಿಂಗಳ ಬಾಡಿಗೆ ಕೊಟ್ಟರೆ ಕಂಪನಿಯ ಕಂಟ್ರೋಲ್ ರೂಮಿನವರು ಹಗಲು ರಾತ್ರಿ ನೋಡುತ್ತಿರುತ್ತಾರೆ, ಏನಾದರೂ ಆದರೆ ಫೋನ್ ಮಾಡುತ್ತಾರೆ ಅಂತ ಒಪ್ಪಂದ.

ಮೇ ತಿಂಗಳ ಗಾಳಿಮಳೆಗೆ ಕಂಬದಿಂದ ಮನೆಗೆ ಬಂದ ಫೈಬರ್ ವೈರು ಹರಿಯಿತು. ಕಂಟ್ರೋಲ್ ರೂಮಿನಿಂದ ಒಂದು ಫೋನೂ ಬರಲಿಲ್ಲ. ಪಕ್ಕದ ಮನೆ ಕಾಕಾ ನೋಡಿ ಹೇಳಿದ ಮೇಲೆಯೇ ನಮಗೆ ಗೊತ್ತಾಗಿದ್ದು. ಕಂಪನಿಯವರನ್ನು ಕೇಳಿದರೆ "ನೆಟ್ ಇಲ್ಲದಿದ್ದರೆ ನಮಗಾದರೂ ಹೇಗೆ ಗೊತ್ತಾಗಬೇಕು ಮೇಡಂ" ಅಂದರು. ಈಗ ಮೂರು ದಾರಿ ಹೇಳುತ್ತಿದ್ದಾರೆ. ಪ್ಯಾನೆಲ್ (ಅಲಾರಂನ ಮುಖ್ಯ ಡಬ್ಬಿ) ಒಳಗೆ ಸಿಮ್ ಹಾಕುವುದು, ಇಲ್ಲವಾದರೆ ರೌಟರ್‌ಗೆ 4ಜಿ ಡಾಂಗಲ್ (ಸಿಮ್ ಹಾಕಿ ನೆಟ್ ಕೊಡುವ ಸಣ್ಣ ಕಡ್ಡಿ), ಇಲ್ಲವಾದರೆ ಅದೇ ಫೈಬರ್ ಕಂಪನಿಯ ಲ್ಯಾಂಡ್‌ಲೈನ್ ತಗೊಂಡು ಪ್ಯಾನೆಲ್‌ಗೆ ಜೋಡಿಸುವುದು. ಮೂರರಲ್ಲಿ ಯಾವುದು ನಂಬಿಕೆಗೆ ಯೋಗ್ಯ? ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಅಪ್ಪ ಇಲ್ಲಿ ಕೂತು ಮನೆ ಚಿಂತೆ ಮಾಡಬಾರದು ಅಷ್ಟೇ.

ಪ್ಯಾನೆಲ್ ಮೇಸ್ತ್ರಿ (ಕಲಬುರಗಿ)

ಅಕ್ಕಾ, ಅಲಾರಂ ಪ್ಯಾನೆಲ್ ಕೂಡಿಸುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅವರು ಹೇಳಿದ ಮಾತು. ನೆಟ್ ಇಲ್ಲದಿದ್ದರೆ ಹೇಗೆ ಗೊತ್ತಾಗಬೇಕು ಅನ್ನುವುದು ತಪ್ಪು ಉತ್ತರ. ಪ್ಯಾನೆಲ್ ಇಷ್ಟು ನಿಮಿಷಕ್ಕೊಮ್ಮೆ "ನಾನು ಇದ್ದೇನೆ" ಅಂತ ಕಂಟ್ರೋಲ್ ರೂಮಿಗೆ ಹೇಳುತ್ತಾ ಇರಬೇಕು. ಅದಕ್ಕೆ ಹಾರ್ಟ್‌ಬೀಟ್ ಅಂತೀವಿ, ಕೆಲವರು ಪೋಲಿಂಗ್ ಅಂತಾರೆ. ಆ ಮಾತು ನಿಂತರೆ ಅವರ ಸ್ಕ್ರೀನ್ ಮೇಲೆ ಕೆಂಪು ದೀಪ ಹತ್ತಬೇಕು, ನಿಮಗೆ ಫೋನ್ ಬರಬೇಕು. ನೀವು ಹಾಕುವ ಎರಡನೇ ದಾರಿ ಎಷ್ಟೇ ಚೆನ್ನಾಗಿರಲಿ, ಅದು ಸುಮ್ಮನಾದಾಗ ಯಾರೂ ಗಮನಿಸದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಆದ್ದರಿಂದ ಸಿಮ್ಮೋ ಡಾಂಗಲ್ಲೋ ಅಂತ ಕೇಳುವ ಮೊದಲು ಅವರನ್ನು ಇದನ್ನು ಕೇಳಿ: ಫೈಬರ್ ದಾರಿ ನಿಂತರೆ ಎಷ್ಟು ನಿಮಿಷಕ್ಕೆ ನಿಮಗೆ ಗೊತ್ತಾಗುತ್ತದೆ, ಸಿಮ್ ದಾರಿ ನಿಂತರೆ ಎಷ್ಟಕ್ಕೆ, ಎರಡೂ ಒಟ್ಟಿಗೆ ನಿಂತರೆ ಏನು ಮಾಡುತ್ತೀರಿ, ಯಾರಿಗೆ ಫೋನ್ ಹೋಗುತ್ತದೆ. ಉತ್ತರ ಬಾಯಿಮಾತಲ್ಲಿ ಬೇಡ, ಬರೆದು ಕೊಡಲಿ.

ಇನ್ನು ಮೂರು ದಾರಿ. ಫೈಬರ್ ಕಂಪನಿಯ ಲ್ಯಾಂಡ್‌ಲೈನ್ ಬೇಡವೇ ಬೇಡ. ಅದು ಬರುವುದು ಅದೇ ವೈರಿನಲ್ಲಿ, ಅದೇ ಡಬ್ಬಿಯಿಂದ. ವೈರು ಹರಿದರೆ ಎರಡೂ ಹೋದವು. ಹಳೆಯ ತಾಮ್ರದ ಲೈನ್ ಆಗಿದ್ದರೆ ಮಾತು ಬೇರೆ ಇತ್ತು, ಅದಕ್ಕೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ಜೀವಂತ ಇರುತ್ತಿತ್ತು. ಇನ್ನೊಂದು, ಪ್ಯಾನೆಲ್ ಲ್ಯಾಂಡ್‌ಲೈನ್ ಮೇಲೆ ಕಳಿಸುವುದು ಟೋನ್‌ಗಳನ್ನು, ಅಂದರೆ ಬೀಪ್ ಬೀಪ್ ಶಬ್ದದಲ್ಲೇ ಸುದ್ದಿ. ಇಂಟರ್‌ನೆಟ್ ಮೇಲೆ ಹೋಗುವ ಲ್ಯಾಂಡ್‌ಲೈನ್‌ನಲ್ಲಿ ಧ್ವನಿಯನ್ನು ಕುಗ್ಗಿಸಿ ಕಳಿಸುತ್ತಾರೆ, ಆಗ ಟೋನ್ ಕೆಡಬಹುದು.

ಡಾಂಗಲ್ ಅರ್ಧ ಪರಿಹಾರ. ವೈರು ಹರಿದರೆ ಸರಿ, ಆದರೆ ರೌಟರ್ ಹ್ಯಾಂಗ್ ಆದರೆ ಅಥವಾ ಸುಟ್ಟರೆ ಫೈಬರ್, ಡಾಂಗಲ್ ಎರಡೂ ಒಟ್ಟಿಗೆ ಸತ್ತವು. ಪ್ಯಾನೆಲ್ ಒಳಗೆ ತನ್ನದೇ ಸಿಮ್, ಅದಕ್ಕೆ ಪ್ಯಾನೆಲ್‌ನದೇ ಬ್ಯಾಟರಿ, ಇದೇ ಸರಿಯಾದ ದಾರಿ. ನನ್ನ ವೋಟು ಇದಕ್ಕೇ.

ಆದರೆ ಮೊಡ್ಯೂಲ್, ಅಂದರೆ ಪ್ಯಾನೆಲ್‌ನಲ್ಲಿ ಸಿಮ್ ಕೂರುವ ಭಾಗ, 4ಜಿದೇ ಆಗಿರಬೇಕು. ಅಗ್ಗದ ಪ್ಯಾನೆಲ್‌ಗಳಲ್ಲಿ ಇನ್ನೂ ಬರೀ 2ಜಿ ಮೊಡ್ಯೂಲ್ ಬರುತ್ತದೆ, ಡಬ್ಬಿ ಮೇಲೆ ಜಿಎಸ್‌ಎಂ 900/1800 ಅಂತಷ್ಟೇ ಬರೆದಿರುತ್ತದೆ. ಅದರಲ್ಲಿ ಜಿಯೋ ಸಿಮ್ ನಡೆಯುವುದೇ ಇಲ್ಲ, ಜಿಯೋಗೆ ಮೊದಲಿಂದಲೂ 2ಜಿ ಇಲ್ಲ. ಬೇರೆ ಸಿಮ್ ಇವತ್ತು ನಡೆಯುತ್ತದೆ ಅಂತ ಹಳೆಯ ಮೊಡ್ಯೂಲ್‌ಗೆ ಹೊಸದಾಗಿ ದುಡ್ಡು ಹಾಕಬೇಡಿ.

ಯಾದಗಿರಿ ಟವರ್ (ಯಾದಗಿರಿ)

ಮೇಸ್ತ್ರಿ ಹೇಳಿದ್ದು ಸರಿ ಇದೆ, ನಾನು ಸಿಮ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ ಮೇಡಂ.

ಎರಡು ಸಿಮ್ ಹಾಕಿದರೆ ಎರಡು ದಾರಿ ಆಯಿತು ಅಂತ ಎಲ್ಲರೂ ತಿಳಿಯುತ್ತಾರೆ. ಯಾವಾಗಲೂ ಹಾಗಲ್ಲ. ನಮ್ಮ ಕಡೆ ಒಂದೇ ಟವರ್ ಮೇಲೆ ಎರಡು ಮೂರು ಕಂಪನಿಯ ಆಂಟೆನಾ ಇರುತ್ತವೆ, ಟವರ್ ನಡೆಸುವ ಕಂಪನಿಯೇ ಬೇರೆ. ಕೆಳಗಿನ ಕರೆಂಟು, ಬ್ಯಾಟರಿ, ಡೀಸೆಲ್ ಜನರೇಟರ್ ಎಲ್ಲ ಹಂಚಿಕೊಂಡಿದ್ದು. ಜೆಸ್ಕಾಂ ಕರೆಂಟ್ ಬಹಳ ಹೊತ್ತು ಹೋಗಿ ಟವರ್ ಬ್ಯಾಟರಿ ಇಳಿದರೆ ನಿಮ್ಮ ಎರಡೂ ಸಿಮ್ ಒಟ್ಟಿಗೆ ಮಲಗುತ್ತವೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಮುಂದಿನ ಸಲ ಉದ್ದ ಪವರ್ ಕಟ್ ಆದಾಗ ಬೇರೆ ಬೇರೆ ಕಂಪನಿಯ ಫೋನ್ ಇರುವ ಅಕ್ಕಪಕ್ಕದವರನ್ನು ಕೇಳಿ, ಯಾರ ಸಿಗ್ನಲ್ ಕೊನೆಯ ತನಕ ನಿಂತಿತ್ತು ಅಂತ. ಜಾಹೀರಾತು ನೋಡಿ ಸಿಮ್ ಆರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ಬಹಳ ಜನ ಏರ್‌ಫೈಬರ್ ಹಾಕಿಸುತ್ತಿದ್ದಾರೆ, ಮಾಳಿಗೆ ಮೇಲೆ ಡಬ್ಬಿ, ವೈರೇ ಇಲ್ಲ. ನೀವೂ ಅದಕ್ಕೆ ಬದಲಾಗುವುದಾದರೆ ಪ್ಯಾನೆಲ್‌ಗೆ ಅದೇ ಕಂಪನಿಯ ಸಿಮ್ ಹಾಕಬೇಡಿ. ಎರಡೂ ಬರುವುದು ಒಂದೇ ಟವರ್‌ನಿಂದ.

ಇನ್ನು ರೀಚಾರ್ಜ್. ಅಲಾರಂ ಬಡಿಯದಿದ್ದರೆ ಆ ಸಿಮ್‌ನಿಂದ ಕಾಲ್ ಇಲ್ಲ, ಮೆಸೇಜ್ ಇಲ್ಲ, ಡೇಟಾ ಇಲ್ಲ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ, ಬ್ಯಾಲೆನ್ಸೂ ಇಲ್ಲದಿದ್ದರೆ, ಪ್ರೀಪೇಯ್ಡ್ ನಂಬರ್ ಬಂದ್ ಮಾಡಲು ನಿಯಮವೇ ಇದೆ. ಅಂದರೆ ಮನೆ ಶಾಂತವಾಗಿದ್ದಷ್ಟೂ ಬ್ಯಾಕಪ್ ಸಾಯುವ ಸಾಧ್ಯತೆ ಜಾಸ್ತಿ! ಮೇಸ್ತ್ರಿ ಹೇಳಿದ ಹಾರ್ಟ್‌ಬೀಟ್ ಸಿಮ್ ಮೇಲೂ ಹೋಗುತ್ತಿದ್ದರೆ ಬಳಕೆ ಆಗುತ್ತಾ ಇರುತ್ತದೆ. ಆದರೆ ವ್ಯಾಲಿಡಿಟಿ ಮುಗಿದರೆ ಅದೂ ನಿಲ್ಲುತ್ತದೆ, ಹಾಗಾಗಿ ವರ್ಷದ ಪ್ಯಾಕ್ ಹಾಕಿ. ಪ್ಯಾಕ್ ಆರಿಸುವಾಗಲೂ ಹುಷಾರು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ (ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ) ಹೇಳಿದ ಮೇಲೆ ಬರೀ ಕಾಲ್ ಮತ್ತು ಮೆಸೇಜ್ ಇರುವ ಪ್ಯಾಕ್‌ಗಳು ಬಂದವು, ರೇಟು ಕಡಿಮೆ, ಆದರೆ ಅದರಲ್ಲಿ ಡೇಟಾ ಇಲ್ಲ. ನಿಮ್ಮ ಪ್ಯಾನೆಲ್ ಡೇಟಾ ಮೇಲೆ ಮಾತಾಡುವುದಾದರೆ ಅದು ಪ್ರಯೋಜನಕ್ಕೆ ಬರುವುದಿಲ್ಲ.

ಕಂಪನಿಯವರು 13 ಅಂಕಿಯ ನಂಬರಿನ ಎಂ2ಎಂ ಸಿಮ್ ಕೊಡುತ್ತೇವೆ ಅಂದರೆ ತಗೊಳ್ಳಿ. ಅದು ಯಂತ್ರಗಳಿಗೇ ಅಂತ ಇರುವ ಸಿಮ್. ಕಂಪನಿ ಹೆಸರಲ್ಲೇ ಇರುತ್ತದೆ, ರೀಚಾರ್ಜ್ ಚಿಂತೆಯೂ ಅವರದೇ.

ಬೀದರ್ ಕೋಟೆ ಓಣಿ (ಬೀದರ್)

ಸಿಗ್ನಲ್ ವಿಷಯ ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮದು ಹಳೆಯ ಮನೆ, ಕೆಂಪು ಕಲ್ಲಿನ ದಪ್ಪ ಗೋಡೆ. ಕಲಬುರಗಿ ಕಡೆ ಶಹಾಬಾದ್ ಕಲ್ಲಿನ ಗೋಡೆ ಇರುವವರಿಗೂ ಇದೇ ಕಥೆ. ಪ್ಯಾನೆಲ್ ಯಾರ ಕಣ್ಣಿಗೂ ಬೀಳಬಾರದು ಅಂತ ಒಳಕೋಣೆಯಲ್ಲಿ, ಮೆಟ್ಟಿಲ ಕೆಳಗೆ, ಕಬ್ಬಿಣದ ಅಲಮಾರಿ ಹಿಂದೆ ಹಾಕುತ್ತಾರೆ. ಕಳ್ಳನಿಗೆ ಕಾಣುವುದಿಲ್ಲ ನಿಜ, ಟವರ್‌ಗೂ ಕಾಣುವುದಿಲ್ಲ.

ಮೊಡ್ಯೂಲ್‌ನ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ಎಷ್ಟಿದೆ ಅಂತ ಅಂಕಿಯಲ್ಲಿ ತೋರಿಸುತ್ತದೆ, ಮೈನಸ್‌ನಲ್ಲಿ ಇರುತ್ತದೆ. 4ಜಿಗೆ ಮೈನಸ್ 100 ಡಿಬಿಎಂಗಿಂತ ಒಳ್ಳೆಯದಿದ್ದರೆ ಸರಿ, ಅಂದರೆ 90, 85 ಹೀಗೆ. ಮೈನಸ್ 110 ದಾಟಿದರೆ ನಂಬಬೇಡಿ, ಮಳೆಗಾಳಿ ಬಂದಾಗಲೇ ಕೈ ಕೊಡುತ್ತದೆ. ಪ್ಯಾನೆಲ್ ಅಲ್ಲೇ ಇರಲಿ, ಆಂಟೆನಾ ಮಾತ್ರ ವೈರ್ ಹಾಕಿ ಕಿಟಕಿ ಹತ್ತಿರ ಮೇಲೆ ತನ್ನಿ. ಆ ವೈರು ಗಿಡ್ಡದಿರಲಿ, ಉದ್ದ ಆದಷ್ಟೂ ಸಿಗ್ನಲ್ ಅದರಲ್ಲೇ ಕರಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಹಾಕಿಸಬೇಡಿ, ಅನುಮತಿ ಇಲ್ಲದೆ ಇಡುವುದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದ ಎಲ್ಲರ ನೆಟ್‌ವರ್ಕ್ ಕೆಡುತ್ತದೆ.

ಸೇಡಂ ರಸ್ತೆ ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾ, ಕರೆಂಟ್ ಬಗ್ಗೆ ಒಂದು ಕೇಳಬೇಕು. ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದೆ. ಆದರೆ ಊರಿಗೆ ಹೊರಡುವಾಗ ಅಪ್ಪ ಮೇನ್ ಸ್ವಿಚ್ ತೆಗೆದೇ ಬರುವುದು. ಶಾರ್ಟ್ ಸರ್ಕ್ಯೂಟ್ ಭಯ ಅವರಿಗೆ. ಅಲಾರಂಗೆ ಅದರೊಳಗೇ ಬ್ಯಾಟರಿ ಇದೆಯಲ್ಲ, ನಡೆಯುತ್ತದೆ ಅನ್ನುತ್ತಾರೆ. ಎಷ್ಟು ದಿನ ನಡೆಯುತ್ತದೆ?

ಪ್ಯಾನೆಲ್ ಮೇಸ್ತ್ರಿ

ದಿನದ ಲೆಕ್ಕ ಬೇಡ ಅಕ್ಕಾ, ಗಂಟೆ ಲೆಕ್ಕ. ಪ್ಯಾನೆಲ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ. ಪ್ಯಾನೆಲ್, ಸೆನ್ಸರ್, 4ಜಿ ಮೊಡ್ಯೂಲ್ ಎಲ್ಲ ಸೇರಿ ಸುಮಾರು 0.2 ಆಂಪಿಯರ್ ಎಳೆಯಿತು ಅಂತ ಇಟ್ಟುಕೊಳ್ಳಿ, ಕಾಗದದ ಮೇಲೆ 35 ಗಂಟೆ. ಹೊಸ ಬ್ಯಾಟರಿ ಒಂದು ದಿನ ದಾಟಬಹುದು. ಹಳೆಯದಾದರೆ ಅಷ್ಟೂ ಇಲ್ಲ. ಅದರ ಮೇಲೆ ನಮ್ಮ ಬಿಸಿಲು. ಈ ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ, ಅದರ ಮೇಲೆ ಹೆಚ್ಚುಕಡಿಮೆ ಪ್ರತಿ 10 ಡಿಗ್ರಿಗೆ ಆಯಸ್ಸು ಅರ್ಧ ಆಗುತ್ತದೆ ಅಂತ ಲೆಕ್ಕ. ಮೇ ತಿಂಗಳಲ್ಲಿ ಕಿಟಕಿ ಎಲ್ಲ ಮುಚ್ಚಿದ ಮನೆಯೊಳಗೆ ಎಷ್ಟು ಸೆಕೆ ಇರುತ್ತದೆ ನಿಮಗೇ ಗೊತ್ತು. ಕಂಪನಿಯವರು ಬ್ಯಾಟರಿ ಐದು ವರ್ಷ ಬರುತ್ತದೆ ಅಂದರೆ ಕಲಬುರಗಿಗೆ ಅದು ನಡೆಯುವುದಿಲ್ಲ, ಎರಡು ವರ್ಷಕ್ಕೆ ಬದಲಾಯಿಸಿ.

ಅಪ್ಪಾಜಿಯ ಭಯವೂ ಸರಿಯೇ, ಅದನ್ನು ತಳ್ಳಿಹಾಕಬೇಡಿ. ಎಲೆಕ್ಟ್ರಿಷಿಯನ್‌ನ ಕರೆದು ಅಲಾರಂ ಮತ್ತು ಫೈಬರ್ ಡಬ್ಬಿಗೆ ಬೇರೆಯೇ ಒಂದು ಎಂಸಿಬಿ (ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್) ಹಾಕಿಸಿ, 6 ಆಂಪಿಯರ್‌ದು ಸಾಕು. ಉಳಿದ ಎಲ್ಲ ಎಂಸಿಬಿ ಇಳಿಸಿ ಹೋಗಲಿ, ಮೇನ್ ಮತ್ತು ಇದೊಂದು ಮೇಲಿರಲಿ, ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಇನ್ವರ್ಟರ್ ಲೈನ್ ಮೇಲೆ ಇಟ್ಟರೆ ಹೊರಡುವ ಮೊದಲು ಡಿಸ್ಟಿಲ್ಡ್ ವಾಟರ್ ನೋಡಿ ತುಂಬಿಸಬೇಕು, ತಿಂಗಳುಗಟ್ಟಲೆ ಯಾರೂ ನೋಡುವುದಿಲ್ಲ ಅಲ್ವಾ. ಅದು ಆಗದಿದ್ದರೆ ಫೈಬರ್ ಡಬ್ಬಿಗೆ ಸಣ್ಣ 12 ವೋಲ್ಟ್ ರೌಟರ್ ಯುಪಿಎಸ್ ಇಡಿ, ನಾಲ್ಕೈದು ತಾಸಿನ ಕಟ್ ಆರಾಮಾಗಿ ದಾಟಿಸುವಂಥದ್ದು ನೋಡಿ ತಗೊಳ್ಳಿ.

ಇದರ ಜೊತೆ ಇನ್ನೊಂದು. ಪ್ಯಾನೆಲ್ ಬರೀ ಕಳ್ಳತನದ ಸುದ್ದಿ ಕಳಿಸುವುದಿಲ್ಲ. ಕಾಂಟ್ಯಾಕ್ಟ್ ಐಡಿ ಅಂತ ಕೋಡ್ ಪದ್ಧತಿ ಇದೆ. 130 ಅಂದರೆ ಕಳ್ಳತನ, 301 ಅಂದರೆ ಕರೆಂಟ್ ಹೋಯಿತು, 302 ಅಂದರೆ ಬ್ಯಾಟರಿ ಇಳಿಯಿತು, 602 ಅಂದರೆ ದಿನನಿತ್ಯದ ಪರೀಕ್ಷೆ. ನಮ್ಮಲ್ಲಿ ಕರೆಂಟ್ ಪದೇ ಪದೇ ಹೋಗುವುದರಿಂದ ಕೆಲವು ಕಂಟ್ರೋಲ್ ರೂಮಿನವರು ಬೇಸತ್ತು 301ನ್ನು ಮುಚ್ಚಿಬಿಡುತ್ತಾರೆ, ಜೊತೆಗೆ 302ನ್ನೂ. ಇದು ಬಹಳ ಕೆಟ್ಟ ಅಭ್ಯಾಸ. ಕರೆಂಟ್ ಹೋಗಿ ಎರಡು ತಾಸಾದರೂ ಬರದಿದ್ದರೆ ಹೇಳಿ, ಬ್ಯಾಟರಿ ಇಳಿದರೆ ಮಾತ್ರ ಆ ಕ್ಷಣವೇ ಹೇಳಿ ಅಂತ ಬರೆಸಿಕೊಳ್ಳಿ. ಬ್ಯಾಟರಿ ಇಳಿದ ಸುದ್ದಿ ಸಿಕ್ಕರೆ ಕಾಕಾ ಹೋಗಿ ನೋಡುವುದಕ್ಕೆ ಇನ್ನೂ ಸಮಯ ಇರುತ್ತದೆ.

ಎಲ್ಲ ಹಾಕಿಸಿದ ಮೇಲೆ ಪರೀಕ್ಷೆ ನೀವೇ ನಿಂತು ಮಾಡಿಸಿ. ಕಂಟ್ರೋಲ್ ರೂಮಿಗೆ ಮೊದಲೇ ತಿಳಿಸಿ, ಫೈಬರ್ ವೈರು ಕಿತ್ತು ಬಾಗಿಲು ತೆಗೆಯಿರಿ, ಸುದ್ದಿ ಸಿಮ್ ಮೇಲೆ ಹೋಯಿತಾ ಕೇಳಿ. ಆಮೇಲೆ ಆ ಎಂಸಿಬಿಯನ್ನೂ ಇಳಿಸಿ ಅದನ್ನೇ ಮಾಡಿ. ಕೊನೆಗೆ ಸಿಮ್ ಆಂಟೆನಾವನ್ನೂ ಬಿಚ್ಚಿ ಸುಮ್ನೆ ಕೂತು ಕಾಯಿರಿ, ಅವರಾಗಿಯೇ ಎಷ್ಟು ಹೊತ್ತಿಗೆ ಫೋನ್ ಮಾಡುತ್ತಾರೆ ನೋಡಿ. ಈ ಕೊನೆಯ ಪರೀಕ್ಷೆಯಲ್ಲಿ ಫೋನ್ ಬರದಿದ್ದರೆ ದುಡ್ಡು ಕೊಡಬೇಡಿ.

ಯಾದಗಿರಿ ಟವರ್

ಫೋನ್ ಬರುವ ವಿಷಯಕ್ಕೆ ಒಂದು ಮಾತು. ಕಂಟ್ರೋಲ್ ರೂಮಿನ ನಂಬರ್ ನಿಮ್ಮ ಫೋನ್‌ನಲ್ಲಿ, ಅಪ್ಪನ ಫೋನ್‌ನಲ್ಲಿ, ಕಾಕಾ ಫೋನ್‌ನಲ್ಲಿ ಹೆಸರು ಹಾಕಿ ಸೇವ್ ಮಾಡಿ, ಸೈಲೆಂಟ್ ಇದ್ದಾಗಲೂ ಬಡಿಯುವ ಹಾಗೆ ಇಡಿ. ರಾತ್ರಿ ಗೊತ್ತಿಲ್ಲದ ನಂಬರ್ ಬಂದರೆ ಯಾರೂ ಎತ್ತುವುದಿಲ್ಲ. ಮನೆ ಹತ್ತಿರ ಇರುವವರ ನಂಬರ್ ಪಟ್ಟಿಯಲ್ಲಿ ಮೊದಲು ಇರಲಿ, ನಿಮ್ಮದು ಆಮೇಲೆ. ಮತ್ತೆ ನೀವು ಹೈದರಾಬಾದಿನಿಂದ 112 ಒತ್ತಿದರೆ ಅದು ಹೋಗುವುದು ತೆಲಂಗಾಣ ಪೊಲೀಸರಿಗೆ. ಆದ್ದರಿಂದ ನಿಮ್ಮ ಮನೆ ಯಾವ ಠಾಣೆಗೆ ಬರುತ್ತದೋ ಅದರ ನೇರ ನಂಬರ್ ಇಟ್ಟುಕೊಳ್ಳಿ, ಕಾಕಾ ಅವರಿಗೆ 112 ಮಾಡಲು ಹೇಳಿ.

ಸೇಡಂ ರಸ್ತೆ ಮನೆ

112 ವಿಷಯ ನನಗೆ ಹೊಳೆದೇ ಇರಲಿಲ್ಲ, ಠಾಣೆ ನಂಬರ್ ಇವತ್ತೇ ತಗೊಳ್ಳುತ್ತೇನೆ. ಪ್ಯಾನೆಲ್‌ಗೆ 4ಜಿ ಮೊಡ್ಯೂಲ್, ಎಂ2ಎಂ ಸಿಮ್, ಬೇರೆ ಎಂಸಿಬಿ ಅಂತ ತೀರ್ಮಾನ ಆಯಿತು. ಹಾರ್ಟ್‌ಬೀಟ್ ಪ್ರಶ್ನೆಗಳನ್ನು ಕಂಪನಿಗೆ ಮೇಲ್ ಮಾಡಿದ್ದೇನೆ, ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಅಣ್ಣಾ, ದಸರಾಕ್ಕೆ ಕಲಬುರಗಿಗೆ ಬರುತ್ತಿದ್ದೇನೆ, ಆ ಮೂರು ಪರೀಕ್ಷೆ ಮಾಡುವ ದಿನ ನೀವು ಬಂದು ನಿಲ್ಲುವುದಕ್ಕೆ ಆಗುತ್ತದಾ?

ಪ್ಯಾನೆಲ್ ಮೇಸ್ತ್ರಿ

ಬರುತ್ತೇನೆ ಅಕ್ಕಾ. ಆಯುಧ ಪೂಜೆ ದಿನ ಬಿಟ್ಟು ಯಾವ ದಿನವಾದರೂ ಆಗುತ್ತದೆ, ಮೆಸೇಜ್ ಹಾಕಿ.