ಸಹಾಯ ಬೇಕು: ಫ್ಲೋರಿನ್-19 ಎಂಆರ್‌ಐ ಮಾಡೋ ಸ್ಕ್ಯಾನರ್ ಎಲ್ಲೈತಿ?

ನಮಸ್ಕಾರ್ರೀ ಎಲ್ಲರಿಗೂ. ನಾನು ಬೆಳಗಾವಿಯೊಳಗ ಪಿಎಚ್‌ಡಿ ಮಾಡಾಕತ್ತೀನಿ. ಫ್ಲೋರಿನ್-19 ಎಂಆರ್‌ಐ ಅಂದ್ರ ಹೈಡ್ರೋಜನ್ ಬದಲು ಫ್ಲೋರಿನ್ ಪರಮಾಣುಗಳ ಸಿಗ್ನಲ್ ಹಿಡಿಯೋ ಸ್ಕ್ಯಾನ್. ಪರ್‌ಫ್ಲೋರೋ-15-ಕ್ರೌನ್-5-ಈಥರ್ ಅನ್ನೋ ಫ್ಲೋರಿನ್ ತುಂಬಿದ ದ್ರವದ ನ್ಯಾನೊಎಮಲ್ಷನ್ (ನೀರಿನಾಗ ಹರಡಿದ ಅತಿ ಸಣ್ಣ ಹನಿಗಳ ಮಿಶ್ರಣ) ಮಾಡಿ, ಹನಿಗಳ ಹೊರಪದರಕ್ಕ ಹೊಳೆಯೋ ಡೈ ಸೇರಿಸೀನಿ. ಒಂದೇ ಕಣ ಎಂಆರ್‌ಐದಾಗೂ ಕಾಣಬೇಕು, ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಾಗೂ ಕಾಣಬೇಕು. ಈ ಅಣುವಿನ 20 ಫ್ಲೋರಿನ್ ಪರಮಾಣುಗಳೂ ಒಂದೇ ಥರ ಇರೋದ್ರಿಂದ ಸಿಗ್ನಲ್ ಒಂದೇ ಶಿಖರವಾಗಿ ಬರತೈತಿ. ಅದಕ್ಕಂತನ ಇದನ್ನ ಆರಿಸಿದ್ದು. (ಬಾಗಲಕೋಟಿ, ವಿಜಯಪುರ ಕಡೆ ಬೋರ್ ನೀರಿನ ಫ್ಲೋರೈಡ್ ಅಡ್ಡ ಬರಂಗಿಲ್ಲೇನು ಅಂತ ಭಾಳ ಮಂದಿ ಕೇಳ್ತಾರ. ಎಲುಬು, ಹಲ್ಲಿನೊಳಗ ಗಟ್ಟಿಯಾಗಿ ಕೂತ ಫ್ಲೋರಿನ್ ಸಿಗ್ನಲ್ ಲಗೂನ ಅಳಿಸಿಹೋಗತೈತಿ, ಸಾಮಾನ್ಯ ಸ್ಕ್ಯಾನಿನಾಗ ಕಾಣಂಗಿಲ್ಲ.)

ತೊಡಕು ಸ್ಕ್ಯಾನರಿಂದು. ಇಲ್ಲಿ ಕೇಳಿದ 3 ಟೆಸ್ಲಾ ಮಷೀನಿನ ಕಾಯಿಲ್ (ಸಿಗ್ನಲ್ ಹಿಡಿಯೋ ಆಂಟೆನಾ) ಪ್ರೋಟಾನಿಗೆ (ಹೈಡ್ರೋಜನ್‌ಗೆ), ಅಂದ್ರ ಸುಮಾರು 128 ಮೆಗಾಹರ್ಟ್ಸ್‌ಗೆ ಟ್ಯೂನ್ ಆಗೈತಿ. ಫ್ಲೋರಿನ್-19ಕ್ಕ ಬೇಕಾಗಿದ್ದು ಸುಮಾರು 120. ಹತ್ತಿರ ಅನಿಸಿದ್ರೂ ಕಾಯಿಲ್ ಬ್ಯಾರೆನ ಬೇಕು, ಮಷೀನಿಗೆ ಮಲ್ಟಿನ್ಯೂಕ್ಲಿಯರ್ (ಹೈಡ್ರೋಜನ್ ಬಿಟ್ಟು ಬ್ಯಾರೆ ಪರಮಾಣುಗಳನ್ನೂ ನೋಡೋ) ಸೌಲಭ್ಯನೂ ಇರಬೇಕು. ಬೆಂಗಳೂರು, ಪುಣೆ, ಹೈದರಾಬಾದ್, ಎಲ್ಲೇ ಇರಲಿ, ಹೊರಗಿನ ವಿದ್ಯಾರ್ಥಿಗಳಿಗೆ ಕೊಡೋ ಜಾಗ ಗೊತ್ತಿದ್ರ ದಯವಿಟ್ಟು ತಿಳಿಸ್ರಿ. ಸ್ಯಾಂಪಲ್ ತಗೊಂಡು ನಾನ ಬರ್ತೀನಿ.

ಇನ್ನೊಂದು ಮಾತು. ಸೀಸೆ ಕೆಲ ದಿನ ಇಟ್ಟರ ತಳದಾಗ ಮಣಿಯಂಥ ಹನಿ ಕೂಡತೈತಿ. ಈ ದ್ರವ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಎಮಲ್ಷನ್ ಮಾಡಿ ಅನುಭವ ಇದ್ದವರು ಯಾವ ಸರ್ಫ್ಯಾಕ್ಟೆಂಟ್ (ಹನಿಗಳು ಒಂದಕ್ಕೊಂದು ಕೂಡದಂಗ ತಡೆಯೋ ಸಾಬೂನಿನಂಥ ವಸ್ತು) ಬಾಳಿಕೆ ಬರತೈತಿ ಅಂತ ಕಮೆಂಟಿನಾಗ ಹೇಳ್ರಿ.